‘ಫಾರ್ಮಸಿ ಆದ್ರೂ’ ಅನ್ನಬೇಡ ಪುಟ್ಟಿ

ತೀರ್ಥಹಳ್ಳಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಜೋರಾಗಿ ಹಿಡಿದಿದೆ. ತುಂಗೆ ಕೆಂಪಾಗಿ ಹರಿಯುತ್ತಿದ್ದಾಳೆ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಭಾನುವಾರ ನಿಮ್ಮಮ್ಮ ಫೋನ್ ಮಾಡಿದ್ದಳು. "ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲ ಅಕ್ಕ, ಫಾರ್ಮಸಿ ಆದ್ರೂ ಮಾಡ್ಲಿ ಅಂತಿದ್ದೀವಿ, ಏನಂತೀಯ?" ಅಂದಳು. ನಾನು ಏನೂ ಹೇಳಲಿಲ್ಲ, ಪತ್ರ ಬರೀತೀನಿ ಅಂದೆ. ಆ ‘ಆದ್ರೂ’ ಅನ್ನೋ ಮಾತು ನನಗೆ ಚುಚ್ಚಿತು. ಇಪ್ಪತ್ತೆಂಟು ವರ್ಷದಿಂದ ಇದೇ ಕೌಂಟರ್ ಹಿಂದೆ ನಿಂತವಳು ನಾನು. ನನಗೆ ಬೇಜಾರಾಯಿತು ಅಂತ ಇದನ್ನು ಹೇಳುತ್ತಿಲ್ಲ. ‘ಆದ್ರೂ’ ಅಂದುಕೊಂಡು ಈ ಕೆಲಸಕ್ಕೆ ಬಂದರೆ ನಿನಗೂ ಒಳ್ಳೆಯದಲ್ಲ, ನಿನ್ನ ಹತ್ತಿರ ಔಷಧಿ ತಗೊಳ್ಳುವವರಿಗೂ ಒಳ್ಳೆಯದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವಿಷಯ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ನಿನಗೆ ಹೇಳುತ್ತೇನೆ.

ಅಂಗಡಿ ಹಾಕಿ ನಾಲ್ಕನೇ ವರ್ಷ. ಸಂತೆ ದಿನ, ಕೌಂಟರ್ ಮುಂದೆ ಜನವೋ ಜನ. ಹೊಸನಗರದ ಕಡೆಯ ಒಬ್ಬರು ಅಜ್ಜಿ ಬಂದಿದ್ದರು. ಸಂಧಿವಾತ, ಕೈಬೆರಳೆಲ್ಲ ಸೊಟ್ಟಗಾಗಿದ್ದವು. ಚೀಟಿಯಲ್ಲಿ ಎರಡು ಮಾತ್ರೆ. ಮೆಥೊಟ್ರೆಕ್ಸೇಟ್ ವಾರಕ್ಕೊಂದು, ಫೋಲಿಕ್ ಆಸಿಡ್ ಉಳಿದ ದಿನ. ಎರಡೂ ಹಳದಿ, ಎರಡೂ ಪುಟ್ಟವು. "ಅಜ್ಜಿ, ಇದು ವಾರಕ್ಕೊಂದು, ಇದು ದಿನಾ" ಅಂದೆ. ಕವರಿಗೆ ಹಾಕಿದೆ. ಮುಂದಿನವರ ಚೀಟಿಗೆ ಕೈ ಚಾಚಿದೆ. ಅಜ್ಜಿ ತಲೆ ಅಲ್ಲಾಡಿಸಿದರು. ಅವರಿಗೆ ಅರ್ಥವಾಯಿತು ಅಂದುಕೊಂಡೆ.

ಒಂಬತ್ತು ದಿನ ಬಿಟ್ಟು ಅವರ ಮಗ ಬಂದ. "ಅಮ್ಮನಿಗೆ ಬಾಯಿ ತುಂಬ ಹುಣ್ಣು, ಗಂಜಿನೂ ಇಳೀತಿಲ್ಲ. ಬಿ ಕಾಂಪ್ಲೆಕ್ಸ್ ಕೊಡಿ" ಅಂದ. ನನ್ನ ಕೈ ರ‍್ಯಾಕ್ ಮೇಲೆ ಹೋಗಿತ್ತು. ಅಷ್ಟರಲ್ಲಿ ಏನೋ ಹೊಳೆಯಿತು. "ಆವತ್ತು ಕೊಟ್ಟ ಹಳದಿ ಮಾತ್ರೆ ಎಷ್ಟು ಉಳಿದಿದೆ?" ಅಂತ ಕೇಳಿದೆ. "ಒಂದರಲ್ಲಿ ಒಂದೇ ಉಳಿದಿದೆ, ಇನ್ನೊಂದು ಶೀಟ್ ಹಾಗೇ ಇದೆ" ಅಂದ.

ಹತ್ತು ವಾರ ಬರಬೇಕಾದ ಶೀಟ್ ಪುಟ್ಟಿ ಅದು. ಆ ಮಾತ್ರೆಯನ್ನು ದಿನಾ ನುಂಗಿದರೆ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತುಹೋಗಬಹುದು. ಬಾಯಿ ಹುಣ್ಣು ಅದರ ಮುನ್ಸೂಚನೆ. ಅಂಗಡಿ ಹಾಗೇ ಬಿಟ್ಟು ಅವನ ಜೊತೆ ಆಸ್ಪತ್ರೆಗೆ ಓಡಿದೆ. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಹನ್ನೊಂದು ದಿನ ವಾರ್ಡಿನಲ್ಲಿದ್ದು ಅಜ್ಜಿ ಉಳಿದುಕೊಂಡರು. ಮನೆಯವರು ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಡಾಕ್ಟರು ಸರಿಯಾಗೇ ಬರೆದಿದ್ದರು. ತಪ್ಪು ನನ್ನದು.

ಆವತ್ತಿನಿಂದ ಆ ಮಾತ್ರೆ ಕೊಡುವಾಗ ಶೀಟಿನ ಮೇಲೆ ಮಾರ್ಕರ್‌ನಲ್ಲಿ ವಾರದ ಹೆಸರನ್ನೇ ಬರೆಯುತ್ತೇನೆ. ‘ಬುಧವಾರ ಮಾತ್ರ.’ ಆಮೇಲೆ "ಯಾವತ್ತು ತಗೋತೀರಿ, ನೀವೇ ಹೇಳಿ ನೋಡೋಣ" ಅಂತ ಅವರ ಬಾಯಲ್ಲೇ ಹೇಳಿಸುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಈ ಕೆಲಸ ಅಂದರೆ ಇದೇ. ಮಾತ್ರೆ ಎತ್ತಿಕೊಡುವುದನ್ನು ಅಕ್ಷರ ಬರುವ ಯಾರಾದರೂ ಮಾಡುತ್ತಾರೆ. ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಬೇಕು, ಆ ಪ್ರಶ್ನೆ ಯಾವುದು ಅಂತ ಗೊತ್ತಿರಬೇಕು. ಓದುವುದು ಅದಕ್ಕೇ.

ನಮ್ಮ ಕಡೆ ಇದು ಇನ್ನೂ ಜಾಸ್ತಿ ಬೇಕು. ಮಂಗನ ಕಾಯಿಲೆ ನಿನಗೆ ಗೊತ್ತೇ ಇದೆ. 1957ರಲ್ಲಿ ಇಲ್ಲೇ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ, ಕಾಡಿನ ಉಣುಗು ಕಚ್ಚಿ ಬರುವುದು. ಅದಕ್ಕೇ ಅಂತ ಇವತ್ತಿಗೂ ಒಂದು ಔಷಧಿಯಿಲ್ಲ. ಬೇಸಿಗೆಯಲ್ಲಿ ಯಾರಾದರೂ ಬಂದು "ಜ್ವರ, ಮೈಕೈ ನೋವು, ಜೋರಾಗಿರೋ ಮಾತ್ರೆ ಕೊಡಿ" ಅಂದರೆ ನಾನು ಮೊದಲು ಕೇಳುವುದು, "ಒಣ ಎಲೆ, ದರಗು ತರೋಕೆ ಕಾಡಿಗೆ ಹೋಗಿದ್ರಾ? ಮೈಮೇಲೆ ಉಣುಗು ಇತ್ತಾ? ಸುತ್ತಮುತ್ತ ಮಂಗ ಸತ್ತಿದೆಯಾ?" ಹೌದು ಅಂದರೆ ನೋವಿನ ಮಾತ್ರೆ ಕೊಡುವುದಿಲ್ಲ. ಆ ಜ್ವರದಲ್ಲಿ ರಕ್ತಸ್ರಾವ ಆಗಬಹುದು. ಆಸ್ಪಿರಿನ್ ಥರದ ಮಾತ್ರೆ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಪ್ಯಾರಸಿಟಮಾಲ್ ಕೊಟ್ಟು, ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂತ ಕಳಿಸುತ್ತೇನೆ. ವ್ಯಾಪಾರ ಐದು ರೂಪಾಯಿಯದ್ದೂ ಇರುವುದಿಲ್ಲ.

ಇನ್ಸುಲಿನ್‌ನದ್ದೂ ಇದೇ ಕಥೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಈ ಮಳೆಯಲ್ಲಿ ಎರಡು ದಿನ ಕರೆಂಟು ಹೋದರೆ ನನ್ನ ಜೀವವೆಲ್ಲ ಫ್ರಿಜ್ಜಿನಲ್ಲಿರುತ್ತದೆ. ಕೆಲವರು ತಣ್ಣಗಿರಲಿ ಅಂತ ಮನೆಯಲ್ಲಿ ಫ್ರೀಜರ್‌ಗೇ ಹಾಕಿಬಿಡುತ್ತಾರೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಟ್ಟ ಹಾಗೇ. ಇದನ್ನು ಹೇಳಬೇಕಾದವರು ನಾವು.

ಈಗ ಓದಿನ ವಿಷಯ. ಡಿ.ಫಾರ್ಮಾ ಎರಡು ವರ್ಷ, ಮೇಲೆ 500 ಗಂಟೆ ತರಬೇತಿ. ನಾನು ಮಾಡಿದ್ದು ಅದೇ. ಅದು ಮುಗಿಸಿದವರಿಗೆ ಬಿ.ಫಾರ್ಮಾ ಎರಡನೇ ವರ್ಷಕ್ಕೆ ನೇರ ಸೇರಲು ಅವಕಾಶವಿದೆ. ಬಿ.ಫಾರ್ಮಾ ನಾಲ್ಕು ವರ್ಷ. ಫಾರ್ಮ್.ಡಿ ಆರು ವರ್ಷ, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ. ಬಿ.ಫಾರ್ಮಾ, ಫಾರ್ಮ್.ಡಿ ಎರಡಕ್ಕೂ ಸಿಇಟಿ ಮೂಲಕ ಸೀಟು. ನನ್ನ ಅಭಿಪ್ರಾಯ ಕೇಳಿದರೆ ಬಿ.ಫಾರ್ಮಾ ತಗೋ. ಕಂಪನಿ, ಡ್ರಗ್ ಇನ್‌ಸ್ಪೆಕ್ಟರ್ ಪರೀಕ್ಷೆ, ಮುಂದೆ ಎಂ.ಫಾರ್ಮಾ, ಎಲ್ಲ ಬಾಗಿಲೂ ತೆರೆದಿರುತ್ತವೆ. ಫಾರ್ಮ್.ಡಿ ಮಾಡಿದವರ ಹೆಸರಿನ ಮುಂದೆ ಡಾಕ್ಟರ್ ಅಂತ ಬರುತ್ತದೆ ಅಂತ ನಿಮ್ಮಪ್ಪ ಆಸೆಪಟ್ಟರಂತೆ. ಬರೀ ಅದಕ್ಕೋಸ್ಕರ ಆರು ವರ್ಷ ಕೊಡಬೇಡ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಪಕ್ಕ ಕೆಲಸ ಮಾಡುವ ಮನಸ್ಸಿದ್ದರೆ ಮಾತ್ರ ಕೊಡು.

ದುಡ್ಡಿನ ಮಾತನ್ನೂ ಮುಚ್ಚಿಡುವುದಿಲ್ಲ. ಶುರುವಿನಲ್ಲಿ ಸಂಬಳ ಕಡಿಮೆ. ಇಂಜಿನಿಯರಿಂಗ್ ಮಾಡಿದ ನಿನ್ನ ಗೆಳತಿಯರು ಮೊದಲ ವರ್ಷ ತರುವಷ್ಟು ನೀನು ತರದೇ ಇರಬಹುದು. ಸ್ವಂತ ಅಂಗಡಿ ಅಂದರೆ, ಸರ್ಕಾರ ಬೆಲೆ ಕಟ್ಟಿದ ಔಷಧಿಗಳಿಗೆ ನಮಗೆ ಸಿಗುವುದು ನೂರಕ್ಕೆ 16. ಅದರಲ್ಲೇ ಬಾಡಿಗೆ, ಹುಡುಗರ ಸಂಬಳ, ಎಕ್ಸ್‌ಪೈರಿ ಆದದ್ದು, ಸಾಲ ಬರೆಸಿ ಮರೆತವರದ್ದು. ಆನ್‌ಲೈನ್‌ನವರು ಡಿಸ್ಕೌಂಟ್ ಕೊಡುತ್ತಾರೆ ಅಂತ ಈಗ ಇಲ್ಲಿಯೂ ಚೌಕಾಶಿ. ಆದರೂ ಇದೇ ಅಂಗಡಿಯಿಂದ ನಿನ್ನ ಅಣ್ಣನನ್ನು ಓದಿಸಿದೆ, ಮನೆಗೆ ಹೆಂಚು ತೆಗೆಸಿ ತಾರಸಿ ಹಾಕಿಸಿದೆ. ಕೈ ಬಿಡುವ ಕೆಲಸವಲ್ಲ ಇದು.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನೀನು ಪಾಸಾಗಿ ನೋಂದಣಿ ಆದ ತಕ್ಷಣ ಯಾರೋ ಒಬ್ಬರು ಬರುತ್ತಾರೆ. "ನಿಮ್ಮ ಸರ್ಟಿಫಿಕೇಟ್ ಕೊಡಿ ಸಾಕು, ತಿಂಗಳಿಗಿಷ್ಟು ಅಕೌಂಟಿಗೆ ಹಾಕ್ತೀವಿ, ನೀವು ಬರೋದೇ ಬೇಡ" ಅನ್ನುತ್ತಾರೆ. ನನ್ನ ಹತ್ತಿರವೂ ಬಂದಿದ್ದರು. ಮದುವೆಯಾದ ಹೊಸತು, ಕೈಯಲ್ಲಿ ಕಾಸಿರಲಿಲ್ಲ, ಒಂದು ರಾತ್ರಿ ಯೋಚನೆ ಮಾಡಿದ್ದೂ ನಿಜ. ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಕೊಡಬಾರದು ಅಂತ 1948ರ ಫಾರ್ಮಸಿ ಕಾಯ್ದೆಯೇ ಹೇಳುತ್ತದೆ. ಕಾನೂನು ಪಕ್ಕಕ್ಕಿರಲಿ. ಅಜ್ಜಿಯ ಮಗ ಬಂದ ದಿನ ನನ್ನ ಸರ್ಟಿಫಿಕೇಟ್ ಮಾತ್ರ ಗೋಡೆಯ ಮೇಲಿದ್ದು, ಕೌಂಟರ್‌ನಲ್ಲಿ ಪಿಯುಸಿ ಬಿಟ್ಟ ಹುಡುಗನೊಬ್ಬ ಇದ್ದಿದ್ದರೆ? ಅವನು ಬಿ ಕಾಂಪ್ಲೆಕ್ಸ್ ಕೊಟ್ಟು, ಚಿಲ್ಲರೆ ಎಣಿಸಿ ಕಳಿಸುತ್ತಿದ್ದ. ಅವನದ್ದೇನು ತಪ್ಪು, ಅಲ್ವಾ? ಸರ್ಟಿಫಿಕೇಟ್ ಬಾಡಿಗೆಗೆ ಬಿಡುವ ಯೋಚನೆ ಒಂದು ಚೂರು ಇದ್ದರೂ ದಯವಿಟ್ಟು ಈ ಕೋರ್ಸ್ ಬೇಡ.

ನಿನಗೆ ಇದು ಒಗ್ಗುತ್ತದಾ? ನನಗೆ ಒಗ್ಗುತ್ತದೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ. ನೀನು ಒಂಬತ್ತನೇ ಕ್ಲಾಸಲ್ಲಿದ್ದಾಗ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ತೋಟದಲ್ಲಿ ಇದ್ದೆ. ಅಜ್ಜ ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಕರಗಿಸಿದ್ದರು, ಇನ್ನೊಂದರಲ್ಲಿ 50 ಲೀಟರಿಗೆ ಒಂದು ಕೆಜಿ ಸುಣ್ಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಮುಗಿಸಿದ್ದರು. ಮಳೆ ಬಿಡುವು ಕೊಟ್ಟಿತ್ತು, ಕೊನೆಗಾರ ಮರ ಹತ್ತಲು ಅವಸರ ಮಾಡುತ್ತಿದ್ದ. ನೀನು "ತಡೀರಿ" ಅಂದು ಕತ್ತಿ ತಂದು ಅದ್ದಿದೆ. ಕತ್ತಿಯ ಅಂಚು ಕೆಂಪಗಾಯಿತು. ಸುಣ್ಣ ಸಾಲದು, ಹೀಗೇ ಹೊಡೆದರೆ ಹಿಂಗಾರ ಸುಟ್ಟುಹೋಗುತ್ತದೆ ಅಂದೆ. ಇನ್ನಷ್ಟು ಸುಣ್ಣ ಹಾಕಿಸಿ, ಮತ್ತೆ ಅದ್ದಿ, ಕತ್ತಿ ಬೆಳ್ಳಗೆ ಉಳಿದ ಮೇಲೇ ಬಿಟ್ಟೆ. ಅಷ್ಟು ದೊಡ್ಡವರೆಲ್ಲ ಕಾಯುತ್ತ ನಿಂತಿದ್ದರು. ನೀನು ಹೆದರಲಿಲ್ಲ.

ಕೋರ್ಸ್, ಕಾಲೇಜು ಆರಿಸುವ ಆಪ್ಷನ್ ಎಂಟ್ರಿಗೆ ಇನ್ನೂ ದಿನ ಇದೆ ಅಂದಳು ನಿಮ್ಮಮ್ಮ. ಸುಮ್ನೆ ಮನೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳಬೇಡ. ಒಂದು ವಾರ ಇಲ್ಲಿಗೆ ಬಾ. ಔಷಧಿ ಕೊಡುವುದು ಬೇಡ, ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಜನ ಏನು ಕೇಳುತ್ತಾರೆ ಕೇಳಿಸಿಕೋ. ಸಾಯಂಕಾಲದ ಹೊತ್ತಿಗೆ ಕಾಲು ಹೇಗೆ ನೋಯುತ್ತದೆ ಅಂತಲೂ ನೋಡು. ಬೇಡ ಅನ್ನಿಸಿದರೆ ಬೇಡ ಅನ್ನು, ನಿಮ್ಮಮ್ಮನ ಹತ್ತಿರ ನಾನೇ ಮಾತಾಡುತ್ತೇನೆ. ಬೇಕು ಅನ್ನಿಸಿದರೆ ಬಿ.ಫಾರ್ಮಾನೇ ಬೇಕು ಅಂತ ಹೇಳು, ‘ಆದ್ರೂ’ ಸೇರಿಸಬೇಡ.

ಬರುವಾಗ ಕೊಡೆ, ಸ್ವೆಟರ್ ತಾ. ಬಸ್ ಸ್ಟ್ಯಾಂಡಿಗೆ ದೊಡ್ಡಪ್ಪ ಬರುತ್ತಾರೆ. ಅಂಗಡಿ ಬಾಗಿಲು ಎಂಟಕ್ಕೆ ತೆಗೆಯುತ್ತೇನೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ