ಹೊರ ಊರಿನ ಖರೀದಿದಾರರ ಬಗ್ಗೆ ಎಚ್ಚರ

ಎಲ್ಲರಿಗೂ ನಮಸ್ಕಾರ. ಹಳೆಯ ಫ್ರಿಜ್, ಸೋಫಾ, ಬೈಕ್ ಮಾರಲು ಆನ್‌ಲೈನ್ ಜಾಹೀರಾತು ಹಾಕಿರುವವರು ದಯವಿಟ್ಟು ಪೂರ್ತಿ ಓದಿ.

ಹೊರ ಊರಿನ ಖರೀದಿದಾರರು ವಸ್ತು ನೋಡದೆ, ಚೌಕಾಸಿಯನ್ನೂ ಮಾಡದೆ "ಅಡ್ವಾನ್ಸ್ ಕಳಿಸ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ" ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಕ್ಯೂಆರ್ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಮೊದಲು 1 ರೂಪಾಯಿ ನಿಜವಾಗಿಯೇ ಕಳಿಸಿ ನಂಬಿಸುವುದೂ ಉಂಟು. ತಾನು ಸೈನಿಕ ಎಂದು ಹೇಳಿ ಗುರುತಿನ ಚೀಟಿಯ ಫೋಟೋ ಕಳಿಸಿದರೂ ನಂಬಬೇಡಿ, ಅದು ಕದ್ದದ್ದಿರಬಹುದು.

"ತಪ್ಪಿ ಜಾಸ್ತಿ ಹಾಕಿದೆ, ವಾಪಸ್ ಕಳಿಸಿ" ಎಂದರೆ ಎಸ್ಎಂಎಸ್ ಅಥವಾ ಸ್ಕ್ರೀನ್‌ಶಾಟ್ ನಂಬಬೇಡಿ. ಬ್ಯಾಂಕ್ ಆ್ಯಪ್‌ನಲ್ಲಿ ಖಾತೆಯಲ್ಲಿರುವ ಹಣ ನೋಡಿ. ಹಣ ಖಾತೆಗೆ ಬಂದ ಮೇಲೆಯೇ ವಸ್ತು ಸಾಗಿಸುವವರ ಕೈಗೆ ಕೊಡಿ. ಸಾಗಣೆ ಖರ್ಚು, "ಗೇಟ್ ಪಾಸ್" ಶುಲ್ಕ ಮುಂಗಡ ಕೇಳಿದರೆ ಕೊಡಲೇಬೇಡಿ.

ಬೈಕ್, ಕಾರು ಆದರೆ ಫಾರ್ಮ್ 29, 30ಕ್ಕೆ (ವಾಹನದ ಮಾಲೀಕತ್ವ ವರ್ಗಾವಣೆಯ ಫಾರ್ಮ್‌ಗಳು) ಸಹಿ ಹಾಕಿಸಿಕೊಂಡು, ಖರೀದಿದಾರರ ಗುರುತಿನ ಪ್ರತಿ ಇಟ್ಟುಕೊಳ್ಳಿ. ಮಾಲೀಕತ್ವ ಬದಲಾಗುವವರೆಗೆ ದಂಡದ ಚಲನ್ ನಿಮ್ಮ ಹೆಸರಿಗೇ ಬರುತ್ತದೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈಗ ಯಾರಿಗಾದರೂ ಇಂಥ ಕರೆ ಬರುತ್ತಿದ್ದರೆ ಇಲ್ಲೇ ತಿಳಿಸಿ. ಮನೆಯ ಹಿರಿಯರಿಗೂ ಓದಿ ಹೇಳಿ.