ಎಡಗಡೆ ಚಕ್ರ ತಿರುಗಲಿಲ್ಲ: ನಿಮ್ಮ ಬ್ರೇಕ್ ಮತ್ತು ಶಾಕ್ ಬಗ್ಗೆ ನನ್ನ ಕೊನೆಯ ಪತ್ರ

ಇವರಿಗೆ,
ಮಾಲೀಕರು ಮತ್ತು ಗ್ರಾಹಕ ವಿಭಾಗದ ಮುಖ್ಯಸ್ಥರು

ವಿಷಯ: ಲಘು ವಿಮಾನಕ್ಕೆಂದು ನೀವು ಮಾರಿದ ಬ್ರೇಕ್ ಸೆಟ್ ಮತ್ತು ಲ್ಯಾಂಡಿಂಗ್ ಗೇರ್ ಶಾಕ್‌ಗಳಲ್ಲಿನ ದೋಷ

ಮಾನ್ಯರೇ,

ಈ ಪತ್ರಕ್ಕೆ ಮೊದಲು ಆರು ಸಲ ಫೋನ್ ಮಾಡಿದ್ದೇನೆ, ನಾಲ್ಕು ಮೇಲ್ ಹಾಕಿದ್ದೇನೆ. ಒಂದು ಸಲವೂ ದನಿ ಏರಿಸಿಲ್ಲ. ಆದರೆ ಮೊನ್ನೆ ಮಂಗಳವಾರ ರಾತ್ರಿಯ ಫೋನ್ ಆದಮೇಲೆ, ಇನ್ನು ಏನಿದ್ದರೂ ಬರವಣಿಗೆಯಲ್ಲೇ ಇರಲಿ ಅನ್ನಿಸಿತು. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಲ್ಲಿ ಒಹಾಯೊದ ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಮಳಿಗೆ ಹಾಕಿದ್ದವರು ನೀವು. "ನಾವೂ ನಿಮ್ಮವರೇ ಸಾರ್, ಏನೇ ತೊಂದರೆ ಆದ್ರೂ ಕನ್ನಡದಲ್ಲೇ ಕೇಳಿ" ಅಂದಿದ್ದಿರಿ. ಆ ಮಾತು ನಂಬಿ ಆರ್ಡರ್ ಕೊಟ್ಟೆ. ಸಾಮಾನು ಪೀಣ್ಯದಲ್ಲಿ ತಯಾರಾಗುತ್ತದೆ ಅಂದಾಗ ಇನ್ನೂ ಖುಷಿಯಾಯಿತು. ಅಮೆರಿಕಕ್ಕೆ ಬರುವ ಮೊದಲು ನಾನು ಅದೇ ಪೀಣ್ಯದ ಟೂಲ್‌ರೂಮಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವನು.

ನನ್ನದು ಎರಡು ಸೀಟಿನ, ಹಿಂದೆ ಬಾಲಚಕ್ರ ಇರುವ ಚಿಕ್ಕ ವಿಮಾನ. ಉಕ್ಕಿನ ಕೊಳವೆಯ ಚೌಕಟ್ಟು, ಮೇಲೆ ಬಟ್ಟೆ. ಪೂರ್ತಿ ತುಂಬಿದರೂ ತೂಕ 600 ಕೆ.ಜಿ. ನಾಲ್ಕು ವರ್ಷದಿಂದ ಗ್ಯಾರೇಜಿನಲ್ಲಿ ಕಟ್ಟಿದ್ದೇನೆ. ರೆಕ್ಕೆಯ ಬಟ್ಟೆಯನ್ನು ಪಕ್ಕೆಲುಬುಗಳಿಗೆ ಹೊಲಿಯುವ ಕೆಲಸ ಮುಕ್ಕಾಲು ಪಾಲು ನನ್ನ ಹೆಂಡತಿಯದು. ಮೊದಲು ಇದರ ಲ್ಯಾಂಡಿಂಗ್ ಗೇರ್‌ಗೆ, ಅಂದರೆ ಚಕ್ರದ ಕಾಲುಗಳಿಗೆ, ಹಳೇ ಕಾಲದ ಪೈಪರ್ ಕಬ್ ವಿಮಾನದ ತರಹ ರಬ್ಬರ್ ಬಂಜಿ ಹಗ್ಗ ಹಾಕುವವನಿದ್ದೆ. ಅದರ ಬದಲು ಹೊಡೆತ ತಡೆಯುವ ಸ್ಪ್ರಿಂಗ್ ಮತ್ತು ಎಣ್ಣೆಯ ಶಾಕ್ ಹಾಕಿ, ಇಳಿಯುವಾಗ ಪುಟಿಯುವುದಿಲ್ಲ ಅಂತ ಹೇಳಿ ಮಾರಿದವರು ನೀವೇ. ಬ್ರೇಕ್ ಸೆಟ್ಟೂ ಅದರ ಜೊತೆಗೇ ಬಂತು. ಒಟ್ಟು 2,640 ಡಾಲರ್ ಕೊಟ್ಟಿದ್ದೇನೆ.

ಮೊದಲು ಬ್ರೇಕಿನ ವಿಷಯ. ಸೆಟ್ ಜೊತೆ ಬಂದ ನಿಮ್ಮ ಸೂಚನೆಯ ಹಾಳೆಯ ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೇಳಿದೆ: 5606 ಎಣ್ಣೆ ಮಾತ್ರ ಬಳಸಿ. ವಿಮಾನಗಳಿಗೆ ಹಾಕುವ ಅದೇ ಕೆಂಪು ಎಣ್ಣೆ. ಹಾಗೇ ಮಾಡಿದೆ. ಗಾಳಿ ಸಿಕ್ಕಿಕೊಳ್ಳಬಾರದು ಅಂತ ಕೆಳಗಡೆ ಚಕ್ರದ ಹತ್ತಿರ ಪ್ಯಾಡು ಒತ್ತುವ ಕ್ಯಾಲಿಪರ್‌ನಿಂದ ಮೇಲಕ್ಕೆ ಎಣ್ಣೆ ತುಂಬಿದೆ. ಮೊದಲ ದಿನ ಹುಲ್ಲಿನ ರನ್‌ವೇಯಲ್ಲಿ ಇಪ್ಪತ್ತು ನಿಮಿಷ ಓಡಿಸಿದೆ. ಪೆಡಲ್ ಗಟ್ಟಿಯಾಗಿತ್ತು, ಚೆನ್ನಾಗಿ ಹಿಡಿಯಿತು. ಹನ್ನೊಂದು ದಿನ ಬಿಟ್ಟು ಹ್ಯಾಂಗರ್‌ನಿಂದ ಹೊರಗೆ ತಳ್ಳಲು ಹೋದರೆ ಎಡಗಡೆ ಚಕ್ರ ಕದಲಲೇ ಇಲ್ಲ. ವಿಮಾನ ಎಡಕ್ಕೆ ಗಿರ್ರನೆ ತಿರುಗಿತು. ರೆಕ್ಕೆಯ ತುದಿ ಹಿಡಿದಿದ್ದ ನನ್ನ ಮಗಳು ಬಾಗಿಲಿನ ಕಂಬಕ್ಕೂ ರೆಕ್ಕೆಗೂ ಮಧ್ಯೆ ಸಿಕ್ಕಿಕೊಳ್ಳುವುದು ಒಂದು ಗೇಣಿನಲ್ಲಿ ತಪ್ಪಿತು.

ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಒಳಗಿನ ಸೀಲು ರಾತ್ರಿಯಿಡೀ ನೆನೆಹಾಕಿದ ಕಡಲೆಕಾಳಿನ ಹಾಗೆ ಉಬ್ಬಿತ್ತು. ವರ್ನಿಯರ್ ಹಿಡಿದು ನೋಡಿದೆ. ನೀವು ಜೊತೆಗೆ ಕೊಟ್ಟ ಹೊಸ ಸೀಲಿನ ದಪ್ಪ 3.5 ಮಿ.ಮೀ., ಇದು 4.2. ಉಬ್ಬಿದ ಸೀಲು ಪಿಸ್ಟನ್ ಅನ್ನು ಕಚ್ಚಿ ಹಿಡಿದಿತ್ತು. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದಿದ್ದರೆ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುವ ದಾರಿ ತೆರೆಯುವುದಿಲ್ಲ. ಒತ್ತಡ ಒಳಗೇ ಉಳಿದು ಪ್ಯಾಡು ಡಿಸ್ಕನ್ನು ಬಿಡುವುದಿಲ್ಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾ?

ಅನುಮಾನ ಉಳಿಯಬಾರದು ಅಂತ ಎರಡು ಉಪ್ಪಿನಕಾಯಿ ಬಾಟಲಿ ತೊಳೆದು ಒಣಗಿಸಿ ಎರಡಕ್ಕೂ 5606 ಹಾಕಿದೆ. ಒಂದರಲ್ಲಿ ಮಾಸ್ಟರ್ ಸಿಲಿಂಡರ್‌ನ ಹೊಸ ಸೀಲು, ಇನ್ನೊಂದರಲ್ಲಿ ಕ್ಯಾಲಿಪರ್‌ನ ಹೊಸ ಸೀಲು. ಒಂದು ವಾರದಲ್ಲಿ ಮೊದಲನೆಯದು ಉಬ್ಬಿ ಮೆತ್ತಗಾಯಿತು. ಎರಡನೆಯದು ಹೇಗಿತ್ತೋ ಹಾಗೇ ಇದೆ. ಅಂದರೆ ಕ್ಯಾಲಿಪರ್‌ಗೆ ವಿಮಾನದ ಎಣ್ಣೆಗೆ ತಕ್ಕ ನೈಟ್ರೈಲ್ ರಬ್ಬರ್ ಹಾಕಿದ್ದೀರಿ. ಮಾಸ್ಟರ್ ಸಿಲಿಂಡರ್‌ಗೆ ಮಾತ್ರ ಕಾರಿನ ಬ್ರೇಕ್ ಆಯಿಲ್‌ಗೆ ಹಾಕುವ ಇಪಿಡಿಎಂ ರಬ್ಬರ್. 5606 ತರಹದ ಪೆಟ್ರೋಲಿಯಂ ಎಣ್ಣೆ ತಗುಲಿದರೆ ಇಪಿಡಿಎಂ ಉಬ್ಬುತ್ತದೆ. ಕಾರಿನ ಬ್ರೇಕ್ ಆಯಿಲ್ ಡಾಟ್ 4 ತಗುಲಿದರೆ ನೈಟ್ರೈಲ್ ಹಾಳಾಗುತ್ತದೆ. ಒಂದೇ ಪೈಪಿನ ಎರಡು ತುದಿಗೆ ಒಂದಕ್ಕೊಂದು ಆಗದ ಎರಡು ರಬ್ಬರ್ ಇಟ್ಟು ಮಾರಿದ್ದೀರಿ.

ಇನ್ನು ಶಾಕ್. ಚಕ್ರದ ಮೇಲೆ ನಿಲ್ಲಿಸಿದ ದಿನದಿಂದಲೂ ವಿಮಾನ ಎಡಕ್ಕೆ ವಾಲಿದೆ. ಎಡ ರೆಕ್ಕೆಯ ತುದಿ ಬಲಕ್ಕಿಂತ 12 ಸೆಂ.ಮೀ. ಕೆಳಗಿದೆ. ಸ್ಪ್ರಿಂಗ್ ಬಿಚ್ಚಿ ಅಳೆದರೆ ಎಡಗಡೆ ತಂತಿ 9.5 ಮಿ.ಮೀ., ಬಲಗಡೆ 10.5. ಸುತ್ತು, ಅಗಲ ಎಲ್ಲ ಒಂದೇ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ ಅನ್ನುವುದು ಪೀಣ್ಯದಲ್ಲಿ ನನಗೆ ಮೊದಲ ವರ್ಷವೇ ಕಲಿಸಿದ ಪಾಠ. ಆ ಒಂದು ಮಿಲಿಮೀಟರಿಗೆ ಬಲಗಡೆಯದು ಸುಮಾರು ಒಂದೂವರೆ ಪಟ್ಟು ಬಿಗಿ. ಡಬ್ಬದ ಮೇಲೆ "ಹೊಂದಿಸಿದ ಜೋಡಿ" ಅಂತ ಚೀಟಿ ಅಂಟಿಸಿದ್ದೀರಿ, ಅದಕ್ಕೊಂದು ಸಹಿಯೂ ಇದೆ.

ಈಗ ಮಂಗಳವಾರ ರಾತ್ರಿಯ ವಿಷಯ. ಹನ್ನೊಂದೂವರೆಗೆ ಫೋನ್ ಮಾಡಿದೆ. ನಿಮಗೆ ಬೆಳಿಗ್ಗೆ ಒಂಬತ್ತು ಗಂಟೆ. ಮೂವತ್ತೈದು ನಿಮಿಷ ಕಾಯಿಸಿ ಆಮೇಲೆ ಟೆಕ್ನಿಕಲ್ ಹೆಡ್ ಅಂತ ಒಬ್ಬರಿಗೆ ಕೊಟ್ಟಿರಿ.

"ಹೇಳಿ ಅಂಕಲ್. ಯಾವ ಆಯಿಲ್ ಹಾಕಿದ್ರಿ?"

"5606."

"ಅದ್ಯಾಕೆ ಹಾಕಿದ್ರಿ?"

"ನಿಮ್ಮ ಹಾಳೆಯಲ್ಲಿ ಹಾಗೇ ಇದೆಯಲ್ಲಪ್ಪ. ಎರಡನೇ ಪುಟ."

"ಅದು ಹಳೇ ಹಾಳೆ ಅಂಕಲ್."

"ಹೊಸದು ಕಳಿಸಿ ಹಾಗಾದ್ರೆ."

"ಇನ್ನೂ ಪ್ರಿಂಟ್ ಆಗಿಲ್ಲ. ನೀವು ಸುಮ್ನೆ ಡಾಟ್ 4 ಹಾಕಿಬಿಡಿ, ಸರಿಹೋಗುತ್ತೆ."

ಡಾಟ್ 4 ಹಾಕಿದರೆ ಕ್ಯಾಲಿಪರ್‌ನ ಸೀಲು ಹೋಗುತ್ತದಲ್ಲ ಅಂದೆ. "ಎಣ್ಣೆ ಎಲ್ಲ ಒಂದೇ ಅಂಕಲ್, ಜಾಸ್ತಿ ತಲೆ ಕೆಡಿಸ್ಕೋಬೇಡಿ" ಅಂದರು. ವಿಮಾನದ ಬ್ರೇಕ್ ಮಾರುವ ಕಂಪನಿಯ ಟೆಕ್ನಿಕಲ್ ಹೆಡ್ ಹೇಳಿದ ಮಾತು ಇದು. ದಿನಾಂಕ, ಸಮಯ ಎಲ್ಲ ಬರೆದಿಟ್ಟುಕೊಂಡಿದ್ದೇನೆ.

ಶಾಕ್ ಬಗ್ಗೆ ಕೇಳಿದೆ. ನಿಮ್ಮ ಹ್ಯಾಂಗರ್‌ನ ನೆಲ ಸಮ ಇಲ್ಲ ಅಂದರು. ವಿಮಾನವನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದ್ದೇನೆ, ಆಗಲೂ ಎಡಕ್ಕೇ ವಾಲುತ್ತದೆ, ನೆಲದ ತಪ್ಪಾಗಿದ್ದರೆ ಬಲಕ್ಕೆ ವಾಲಬೇಕಿತ್ತು ಅಲ್ವಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಎಡಗಡೆ ಟ್ಯಾಂಕಿನಲ್ಲಿ ಪೆಟ್ರೋಲ್ ಜಾಸ್ತಿ ಇರಬೇಕು ಅಂದರು. ಎರಡೂ ಟ್ಯಾಂಕ್ ಖಾಲಿ ಮಾಡಿ ಅಳೆದದ್ದು ಅಂದೆ. "ಒಂದ್ನಿಮಿಷ ಇರಿ" ಅಂದು ಫೋನ್ ಪಕ್ಕಕ್ಕಿಟ್ಟರು. ಲೈನ್ ಹಾಗೇ ತೆರೆದಿತ್ತು.

"ಯಾರೋ ಅಂಕಲ್ ಮಗಾ, ಮನೇಲಿ ವಿಮಾನ ಮಾಡ್ತಾರಂತೆ. ಈ ವಯಸ್ಸಲ್ಲಿ ಬೇಕಾ ಇವ್ರಿಗೆ?" ಅಂದರು. ಇಬ್ಬರೋ ಮೂವರೋ ನಕ್ಕರು. ಒಬ್ಬರು ಗುಂಯ್ ಅಂತ ಬಾಯಲ್ಲಿ ಎಂಜಿನ್ ಸದ್ದು ಮಾಡಿದರು. ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು, ಫೋನ್ ಸ್ಪೀಕರ್‌ನಲ್ಲಿತ್ತು. ಅವಳು ಎದ್ದು ಒಳಗೆ ಹೋದಳು. ಬಟ್ಟೆ ಹೊಲಿದ ಅವಳ ಬೆರಳುಗಳಲ್ಲಿ ಸೂಜಿ ಚುಚ್ಚಿದ ಗುರುತು ಇನ್ನೂ ಇದೆ. ಆ ನಗು ಅವಳಿಗೆ ಕೇಳಿಸಿದ್ದನ್ನು ನಾನು ಮರೆಯುವುದಿಲ್ಲ.

ವಾಪಸ್ ಬಂದು ಅವರು ಹೇಳಿದ್ದು ಇಷ್ಟು: "ಹೋಮ್‌ಬಿಲ್ಟ್ ತಾನೆ ಅಂಕಲ್, ಅದರಲ್ಲಿ ಏನು ಬೇಕಾದ್ರೂ ಹಾಕಬಹುದು. ಜವಾಬ್ದಾರಿ ನಿಮ್ಮದೇ."

ಜವಾಬ್ದಾರಿ ನನ್ನದೇ, ಗೊತ್ತು. ಇಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಕ್ಕೆ ಕಟ್ಟುವವರೇ ಮಾಡಿರಬೇಕು. ವಿಮಾನದ ಫಲಕದ ಮೇಲೆ ತಯಾರಕ ಅಂತ ನನ್ನ ಹೆಸರೇ ಇರುತ್ತದೆ. ಅದಕ್ಕೇ ನಿಮ್ಮ ಹಾಳೆಯನ್ನು ಮೂರು ಸಲ ಓದಿ, ಅದರಲ್ಲಿದ್ದ ಹಾಗೆ ಮಾಡಿದ್ದು. ಬಾಲಚಕ್ರದ ವಿಮಾನದಲ್ಲಿ ಇಳಿದ ಮೇಲೆ ಒಂದು ಬ್ರೇಕ್ ಕಚ್ಚಿಕೊಂಡರೆ ಅದು ಆ ಕಡೆಗೆ ಸುತ್ತಿ ರೆಕ್ಕೆ ನೆಲಕ್ಕೆ ಬಡಿಯುತ್ತದೆ. ಎರಡೂ ಕಚ್ಚಿದರೆ ಮೂಗಿನ ಮೇಲೆ ಮಗುಚುತ್ತದೆ. ನನ್ನ ಅದೃಷ್ಟ, ಹ್ಯಾಂಗರ್ ಬಾಗಿಲಲ್ಲೇ ಗೊತ್ತಾಯಿತು. ಇದೇ ಸೆಟ್ ಕೊಂಡ ಇನ್ನೊಬ್ಬರಿಗೆ ರನ್‌ವೇ ಮೇಲೆ ಗೊತ್ತಾದರೆ?

ನಿಮ್ಮ ವಾರಂಟಿಯ ನಿಯಮ ನಿಮಗೆ ಗೊತ್ತಿದೆ, ನಾನು ಇಲ್ಲಿ ನಕಲು ಮಾಡುವುದಿಲ್ಲ. ಪೂರ್ತಿ ಹಣ ವಾಪಸ್ ಬರಬೇಕು. ಅದಕ್ಕಿಂತ ಮುಖ್ಯವಾಗಿ, ಈ ಲಾಟಿನ ಮಾಸ್ಟರ್ ಸಿಲಿಂಡರ್ ಕೊಂಡ ಪ್ರತಿಯೊಬ್ಬರಿಗೂ "ಬಳಸಬೇಡಿ" ಅಂತ ಲಿಖಿತ ಸೂಚನೆ ಹೋಗಬೇಕು. ಅದರ ಒಂದು ಪ್ರತಿ ನನಗೂ ಬರಬೇಕು. ಹತ್ತು ದಿನ ಕೊಡುತ್ತೇನೆ.

ಆಮೇಲೆ ನಾನು ಫೋನ್ ಮಾಡುವುದಿಲ್ಲ. ಕಾರ್ಡ್ ಕಂಪನಿಗೂ ಎಫ್‌ಎಎಗೂ ಪತ್ರ ಸಿದ್ಧವಾಗಿದೆ, ಅಂಚೆಗೆ ಹಾಕುವುದಷ್ಟೇ ಬಾಕಿ. ಜುಲೈ ಕೊನೆಯಲ್ಲಿ ವಿಸ್ಕಾನ್ಸಿನ್‌ನ ಓಶ್‌ಕಾಶ್‌ನಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರೆಲ್ಲ ಸೇರುತ್ತಾರೆ. ನೀವೂ ಅಲ್ಲಿ ಮಳಿಗೆ ಹಾಕುತ್ತೀರಿ ಅಂತ ನಿಮ್ಮ ಮೇಲ್‌ನಲ್ಲೇ ನೋಡಿದೆ. ಆ ಎರಡು ಬಾಟಲಿ, ಎರಡು ಸ್ಪ್ರಿಂಗ್, ಒಂದು ವರ್ನಿಯರ್ ತೆಗೆದುಕೊಂಡು ನಾನೂ ನನ್ನ ಹೆಂಡತಿಯೂ ನಿಮ್ಮ ಮಳಿಗೆಯ ಎದುರಿಗೇ ನಿಲ್ಲುತ್ತೇವೆ. ಬಂದವರೆಲ್ಲ ಕೈಯಾರೆ ಅಳೆದು ನೋಡಲಿ.

ಇತಿ,
ನಿಮ್ಮ ಗ್ರಾಹಕ
ಡೇಟನ್, ಒಹಾಯೊ