ಅಪ್‌ಡೇಟ್ ಆದ ಮೇಲೆ ಕನ್ನಡ ಯಾಕೆ ಬರಲಿಲ್ಲ?

ಮಾನ್ಯ ಸಂಪಾದಕರೇ,

ಬೆಳಗಾವಿಯ ಶಹಾಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಕೆಲಸವೇ ಜಾಸ್ತಿ. ಒಂದೇ ಪತ್ರಿಕೆಯಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕು ಅನ್ನುವ ಮನೆಗಳು ನಮ್ಮೂರಲ್ಲಿ ಎಷ್ಟೋ ಇವೆ. ಅದಕ್ಕೇ ಉಬುಂಟುವಿನಲ್ಲಿ (ವಿಂಡೋಸ್ ಬದಲು ಬಳಸುವ, ಲಿನಕ್ಸ್ ಆಧಾರಿತ ಉಚಿತ ವ್ಯವಸ್ಥೆ) ಮೂರೂ ಭಾಷೆಯ ಕೀಬೋರ್ಡ್ ಹೊಂದಿಸಿಕೊಂಡು, ಕಂಪ್ಯೂಟರ್ ಶುರುವಾದ ಕೂಡಲೇ ಕೀಬೋರ್ಡ್ ಭಾಷೆ ಹೊಂದಿಸುವ ‘ಸೆಟ್‌ಎಕ್ಸ್‌ಕೆಬಿಮ್ಯಾಪ್’ ಕಮಾಂಡ್ ತಾನಾಗಿಯೇ ಓಡುವಂತೆ ಮಾಡಿದ್ದೆ. ವರ್ಷಗಟ್ಟಲೆ ಸರಿಯಾಗೇ ಇತ್ತು.

ಉಬುಂಟುವಿನ ಹೊಸ ಆವೃತ್ತಿ ಹಾಕಿದ ಮರುದಿನ, ಗಿರಾಕಿ ಪಕ್ಕದಲ್ಲೇ ಕೂತಿದ್ದಾಗ, ‘ಲಕ್ಷ್ಮೀ’ ಅಂತ ಹೊಡೆದೆ. ಎಲ್, ಕೆ, ಎಫ್, ಎಕ್ಸ್ ಅಂತ ಇಂಗ್ಲಿಷ್ ಅಕ್ಷರಗಳೇ ಸಾಲಾಗಿ ಬಿದ್ದವು. ‘ನುಡಿ’ ಕನ್ನಡ ತಂತ್ರಾಂಶದ ಪದ್ಧತಿಯಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತುತ್ತೇವಲ್ವಾ, ಅದೂ ಎಫ್ ಆಗಿಯೇ ಕೂತಿತ್ತು. ಕಮಾಂಡ್ ಮತ್ತೆ ಕೊಟ್ಟರೆ ‘ಎಕ್ಸ್‌ವೇಲ್ಯಾಂಡ್’ ಅಂತ, ಆಗ ನನಗೆ ಅರ್ಥವಾಗದ ಒಂದು ಎಚ್ಚರಿಕೆ ಬಂತು, ಕನ್ನಡ ಬರಲಿಲ್ಲ. ಪರಿಚಯದವರೊಬ್ಬರು ಲಿನಕ್ಸ್‌ನಲ್ಲಿ ಕನ್ನಡ ಹೀಗೇ, ಬಿಟ್ಟುಬಿಡಿ ಎಂದರು. ನನಗೆ ನಿಜಕ್ಕೂ ಬೇಜಾರಾಯಿತು.

ಎರಡು ರಾತ್ರಿ ಓದಿದ ಮೇಲೆ ತಿಳಿಯಿತು. ಪರದೆ, ಕೀಬೋರ್ಡ್, ಮೌಸ್ ನೋಡಿಕೊಳ್ಳುವ ಡಿಸ್‌ಪ್ಲೇ ಸರ್ವರ್ರೇ ಬದಲಾಗಿದೆ. ಮೊದಲಿದ್ದದ್ದು ಎಕ್ಸ್11, 1987ರದ್ದು. ಈಗಿನದು ವೇಲ್ಯಾಂಡ್, ಅದರ ಕೆಲಸ ಶುರುವಾದದ್ದು 2008ರಲ್ಲಿ. ಹಳೆಯದರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಇನ್ನೊಂದು ಕಿಟಕಿಯಲ್ಲಿ ನೀವು ಒತ್ತಿದ ಕೀಲಿಗಳನ್ನು ಕದ್ದು ಓದಬಹುದಿತ್ತು, ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಕೂಡ. ವೇಲ್ಯಾಂಡ್ ಅದಕ್ಕೆ ಬಿಡುವುದಿಲ್ಲ. ಕೀಬೋರ್ಡ್ ಹಿಡಿತವೆಲ್ಲ ಡೆಸ್ಕ್‌ಟಾಪ್ ನಡೆಸುವ ತಂತ್ರಾಂಶದ ಕೈಯಲ್ಲೇ ಇರುತ್ತದೆ, ಹೊರಗಿನಿಂದ ಕೊಟ್ಟ ನನ್ನ ಹಳೇ ಕಮಾಂಡನ್ನು ಅದು ಕೇಳುವುದಿಲ್ಲ. ಬದಲಾವಣೆ ಸರಿಯಾದದ್ದೇ ಅನ್ನಿಸಿತು. ಆದರೆ ಇದನ್ನು ಕನ್ನಡದಲ್ಲಿ ಹೇಳುವವರು ಬೇಕಲ್ಲ.

ದಾರಿ ಸುಲಭ ಇದೆ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರೊಳಗೆ ಇನ್‌ಪುಟ್ ಸೋರ್ಸಸ್‌ಗೆ ಹೋಗಿ ‘ಕನ್ನಡ ಕಗಪ’ ಸೇರಿಸಿ, ಅದು ನುಡಿಯಲ್ಲಿರುವ ಕೀಲಿ ಜೋಡಣೆಯೇ. ಮರಾಠಿಗೂ ಇದೇ ಕಗಪ ಪದ್ಧತಿ ಇದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ನಿಮ್ಮ ಪತ್ರಿಕೆಯಲ್ಲಿ ಹೊಸ ಮೊಬೈಲ್‌ಗಳ ಬಗ್ಗೆ ಸಾಕಷ್ಟು ಬರುತ್ತದೆ. ಕಂಪ್ಯೂಟರ್‌ನಲ್ಲಿ ಕನ್ನಡ ಮೂಡಿಸುವ ಈ ಕೆಲಸಕ್ಕೂ ಅರ್ಧ ಪುಟ ಕೊಡಿ, ಚಿತ್ರಗಳ ಸಮೇತ. ನಮ್ಮಂಥ ಅಂಗಡಿಯವರು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

– ಡಿಟಿಪಿ ಅಂಗಡಿಯ ಓದುಗ, ಶಹಾಪುರ, ಬೆಳಗಾವಿ